ಮನೆಯಲ್ಲಿ ಹೊಲಿದ ಅಂಗಿ ಮತ್ತು ಮಗುವಿನ ಬೆಳವಣಿಗೆ

(ನಿಪ್ಪಾಣಿಯ ತಾಯಂದಿರ ಹೊಲಿಗೆ ತರಗತಿಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಹೊಲಿಗೆ ತರಗತಿಯಲ್ಲಿ ಮಾತನಾಡಬೇಕೆಂದು ನನ್ನನ್ನು ಕರೆದಾಗ ನನಗೆ ತುಸು ಸಂಕೋಚವೇ ಆಯಿತು. ವೈದ್ಯನಾದ ನಾನು ಸೂಜಿದಾರಗಳನ್ನು ಹಿಡಿಯುವುದು ಗಾಯಕ್ಕೆ ಹೊಲಿಗೆ ಹಾಕುವ ಸಲುವಾಗಿ ಮಾತ್ರ. ನನ್ನ ಅಂಗಿಯ ಗುಂಡಿ ಕಿತ್ತುಹೋದರೆ ಅದನ್ನು ಹಚ್ಚಿಕೊಳ್ಳಲು ನನಗೆ ಬಾರದು. ಆದುದರಿಂದ ಬಟ್ಟೆಯನ್ನು ಕತ್ತರಿಸುವ ಕ್ರಮವನ್ನು ಶಿಕ್ಷಕಿಯವರಿಗೇ ಬಿಟ್ಟು, ಐದು ವರ್ಷದೊಳಗಿನ ಗಂಡುಮಗುವಿಗೆ ಮನೆಯಲ್ಲಿ ಅಂಗಿ, ಚಡ್ಡಿ ಹೊಲಿಯುವಾಗ ಅದರ ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕಾದ ಕೆಲವು ಸಂಗತಿಗಳನ್ನಷ್ಟೇ ಹೇಳುತ್ತೇನೆ. ಅವುಗಳಲ್ಲಿ ಒಂದನ್ನು ಹೇಳಲೆಂದೇ ನಾನು ಮುಖ್ಯವಾಗಿ ಬಂದಿದ್ದೇನೆ. ಅದಕ್ಕೆ ತುಸು ಮುಂದೆ ಬರುತ್ತೇನೆ.

ಮೊದಲು ಬಟ್ಟೆಯ ವಿಷಯ. ಎಳೆಯ ಮಗುವಿಗೆ ಹತ್ತಿಯ ಬಟ್ಟೆಯಷ್ಟು ಹಿತವಾದುದು ಬೇರೊಂದಿಲ್ಲ. ಅದು ಬೆವರನ್ನು ಹೀರಿಕೊಳ್ಳುತ್ತದೆ, ಮೈಗೆ ಗಾಳಿಯಾಡಲು ಅವಕಾಶ ಕೊಡುತ್ತದೆ, ಕುದಿಯುವ ನೀರನ್ನೂ ಸುಡುಬಿಸಿಲನ್ನೂ ತಾಳಿಕೊಳ್ಳುತ್ತದೆ. ಹತ್ತಿಯ ಬಟ್ಟೆಗಾಗಿ ನಿಪ್ಪಾಣಿಯವರು ದೂರ ಹೋಗಬೇಕಾಗಿಯೂ ಇಲ್ಲ. 1904ರಿಂದಲೂ ಯಂತ್ರಮಗ್ಗಗಳನ್ನು ಕಂಡಿರುವ ಇಚಲಕರಂಜಿಯು ಗಡಿಯಾಚೆ ಸಮೀಪದಲ್ಲಿಯೇ ಇದೆ. ಆದರೆ ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಗಂಜಿಯೂ ಬಣ್ಣದ ಶೇಷವೂ ಇರುತ್ತವೆ. ಅದನ್ನು ಕತ್ತರಿಸುವ ಮೊದಲೇ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಒಗೆದು ಒಣಗಿಸಬೇಕು. ಹೀಗೆ ಮಾಡಿದರೆ ಬಟ್ಟೆ ಕುಗ್ಗುವುದಿದ್ದರೆ ಮೊದಲೇ ಕುಗ್ಗಿಬಿಡುತ್ತದೆ. ಮಗುವಿನ ಮೈಗೆ ತುರಿಕೆಯೂ ಆಗುವುದಿಲ್ಲ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಯನ್ನು ತೊಡಿಸದೆ ಹಳೆಯ ಧೋತರದ ತುಂಡಿನಿಂದ ಝಬಲಾ ಹೊಲಿಯುವ ನಮ್ಮ ಹಿರಿಯರ ವಾಡಿಕೆಯು ಈ ಕಾರಣದಿಂದ ಒಳ್ಳೆಯದೇ ಆಗಿದೆ. ಹತ್ತಾರು ಸಲ ಒಗೆದ ಧೋತರದಷ್ಟು ಮೆತ್ತನೆಯ ಬಟ್ಟೆ ಯಾವ ಅಂಗಡಿಯಲ್ಲಿಯೂ ಸಿಗಲಾರದು.

ಹಳೆಯ ಬಟ್ಟೆಯ ಮಾತು ಬಂದುದರಿಂದ ಈ ಊರಿನ ತಾಯಂದಿರಿಗೆ ಪ್ರತ್ಯೇಕವಾಗಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ನಿಮ್ಮಲ್ಲಿ ಅನೇಕರು ಮಡಿಲಲ್ಲಿ ಮರವನ್ನಿಟ್ಟುಕೊಂಡು ಬೀಡಿ ಕಟ್ಟುವವರು. ಕೆಲವರು ತಂಬಾಕಿನ ವಖಾರಿಗಳಿಗೆ ಹೋಗಿ ದುಡಿಯುವವರು. ದಿನವಿಡೀ ತಂಬಾಕಿನ ಧೂಳು ನಿಮ್ಮ ಸೀರೆಯ ಎಳೆಎಳೆಯಲ್ಲಿ ಸೇರಿಕೊಂಡಿರುತ್ತದೆ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ವಿಷವು ಬಾಯಿಯಿಂದ ಮಾತ್ರವಲ್ಲದೆ ಒದ್ದೆಯಾದ ಚರ್ಮದ ಮೂಲಕವೂ ಮೈಯೊಳಗೆ ಸೇರಬಲ್ಲುದು. ಮಗುವಿನ ಚರ್ಮ ತೆಳುವಾದುದು. ಅದು ಬೆವರುತ್ತದೆ, ಜೊಲ್ಲು ಸುರಿಸುತ್ತದೆ, ಅಂಗಿಯ ಅಂಚನ್ನು ಬಾಯಿಗಿಟ್ಟು ಚೀಪುತ್ತದೆ. ಆದಕಾರಣ ಕೆಲಸದ ಸೀರೆ ಎಷ್ಟೇ ಮೆತ್ತಗಾಗಿರಲಿ, ಅದನ್ನು ಕೂಸಿನ ಅಂಗಿಗಾಗಲಿ, ತೊಟ್ಟಿಲಿನ ಕೌದಿಗಾಗಲಿ ಬಳಸಬೇಡಿ. ಕೆಲಸದ ಬಟ್ಟೆಯನ್ನೂ ಮಗುವಿನ ಬಟ್ಟೆಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸಬೇಡಿ. ಬೀಡಿ ಕಟ್ಟಿ ಎದ್ದವರು ಮೊಣಕೈವರೆಗೆ ಸಾಬೂನಿನಿಂದ ತೊಳೆದುಕೊಂಡು, ಸೀರೆ ಬದಲಿಸಿ, ಆ ಬಳಿಕವೇ ಸೂಜಿಯನ್ನಾಗಲಿ ಮಗುವನ್ನಾಗಲಿ ಎತ್ತಿಕೊಳ್ಳಿ. ಕೂಸು ಅಳುತ್ತಿರುವಾಗ ಇಷ್ಟೆಲ್ಲ ಮಾಡುವುದು ಕಷ್ಟವೆಂಬುದನ್ನು ನಾನು ಬಲ್ಲೆ. ಸೀರೆ ಬದಲಿಸಲಾಗದಿದ್ದರೆ ಒಗೆದ ಪಂಚೆಯೊಂದನ್ನು ಎದೆಗೂ ಮಡಿಲಿಗೂ ಹೊದ್ದುಕೊಂಡಾದರೂ ಹಾಲೂಡಿಸಿರಿ.

ಇನ್ನು ಹೊಲಿಗೆಯ ರೀತಿ. ಮಗುವಿನ ತಲೆಯು ಅದರ ಮೈಗಿಂತ ಮುಂದಾಗಿ ಬೆಳೆದಿರುತ್ತದೆ. ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂಟಿಮೀಟರು. ಐದನೆಯ ವರ್ಷಕ್ಕೂ ಅದು 51ರ ಆಸುಪಾಸಿನಲ್ಲಿಯೇ ಇರುತ್ತದೆ. ಆದುದರಿಂದ ಕೊರಳನ್ನು ಮೊದಲೇ ಸಾಕಷ್ಟು ಅಗಲವಾಗಿ ಬಿಟ್ಟು, ಒಂದು ಹೆಗಲಿನ ಮೇಲೆ ತೆರೆಯುವಂತೆ ಮಾಡಿದರೆ ಮಗು ಅಳದೆ ಅಂಗಿಯನ್ನು ತೊಡುತ್ತದೆ. ಆದರೆ ಕೊರಳ ಸುತ್ತ ದಾರವನ್ನಾಗಲಿ ಲಾಡಿಯನ್ನಾಗಲಿ ಎಂದಿಗೂ ಇಡಬೇಡಿ. ತೊಟ್ಟಿಲ ಹಗ್ಗಕ್ಕೋ ಬಾಗಿಲ ಚಿಲಕಕ್ಕೋ ಸಿಕ್ಕಿಕೊಂಡ ದಾರವು ಕೂಸಿನ ಕುತ್ತಿಗೆಯನ್ನು ಬಿಗಿಯಲು ಕೆಲವೇ ನಿಮಿಷಗಳು ಸಾಕು. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ನೋಡಲು ಎಷ್ಟು ಚೆಂದವೆಂಬುದನ್ನು ನಾನು ಹೇಳಬೇಕಾಗಿಲ್ಲ. ತೊಟ್ಟಿಲಶಾಸ್ತ್ರದ ದಿನ ಧಾರಾಳವಾಗಿ ತೊಡಿಸಿರಿ. ಮಗು ಮಲಗಿದಾಗ ಗದ್ದದ ಕೆಳಗಿನ ಗಂಟನ್ನು ಬಿಚ್ಚಿ ತೆಗೆದಿಡಿರಿ. ದೃಷ್ಟಿಯಾಗದಿರಲೆಂದು ಅಂಗಿಗೆ ಪಿನ್ನು ಚುಚ್ಚುವವರು ಪಿನ್ನನ್ನು ಬಿಟ್ಟು ಕರಿಯ ದಾರದ ನಾಲ್ಕು ಟಾಕಿ ಹಾಕಿದರೂ ದೃಷ್ಟಿ ಹೋದೀತು.

ಗುಂಡಿಗಳ ಬಗ್ಗೆಯೂ ಎಚ್ಚರವಿರಲಿ. ಮೂರು ವರ್ಷದೊಳಗಿನ ಮಗುವಿಗೆ ಕೈಗೆ ಸಿಕ್ಕಿದ್ದೆಲ್ಲವೂ ತಿನಿಸೇ ಆಗಿರುತ್ತದೆ. ಸಡಿಲಗೊಂಡ ಗುಂಡಿಯು ಹೊಟ್ಟೆಗೆ ಹೋದರೆ ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ; ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೆ ಸಂಚಕಾರ. ಆದಷ್ಟು ಬಟ್ಟೆಯ ಪಟ್ಟಿಯನ್ನೇ ಪಕ್ಕದಲ್ಲಿ ಕಟ್ಟುವಂತೆ ಹೊಲಿಯಿರಿ. ಗುಂಡಿ ಬೇಕೇ ಬೇಕೆಂದರೆ ನಾಲ್ಕು ತೂತಿನ ದೊಡ್ಡ ಗುಂಡಿಯನ್ನು ಎರಡೆಳೆಯ ದಾರದಿಂದ ಹಚ್ಚಿ, ವಾರಕ್ಕೊಮ್ಮೆ ಎಳೆದು ನೋಡಿರಿ.

ಗಂಡುಮಗುವಿನ ಚಡ್ಡಿಗೆ ಜಿಪ್ಪು ಹಚ್ಚಬೇಡಿ. ಅವಸರದಲ್ಲಿ ಜಿಪ್ಪು ಎಳೆದು ಶಿಶ್ನದ ತುದಿಯ ಚರ್ಮವನ್ನು ಸಿಕ್ಕಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಆ ಅಳುವನ್ನು ಒಮ್ಮೆ ಕೇಳಿದವರು ಮತ್ತೆ ಜಿಪ್ಪು ಕೊಳ್ಳಲಾರರು. ಸಡಿಲವಾದ ಎಲಾಸ್ಟಿಕ್ ಸಾಕು. ಬಿಚ್ಚಿದ ಮೇಲೆ ಸೊಂಟದ ಸುತ್ತ ಕೆಂಪು ಗೆರೆ ಉಳಿದರೆ ಅದು ಬಿಗಿಯಾಯಿತೆಂದೇ ತಿಳಿಯಿರಿ. ಉಡದಾರಕ್ಕೂ ಇದೇ ಮಾತು. ಚಡ್ಡಿಯನ್ನು ಅಳತೆ ನೋಡುವಾಗಲೇ ತಾಯಿಯು ಇನ್ನೊಂದನ್ನು ಗಮನಿಸಬಹುದು. ಮಗುವಿನ ಎರಡು ವೃಷಣಗಳೂ ಚೀಲದೊಳಗೆ ಕೈಗೆ ಸಿಗುತ್ತವೆಯೇ ಎಂದು ನೋಡಿರಿ. ಆರು ತಿಂಗಳು ತುಂಬಿದ ಮೇಲೂ ಒಂದು ಸಿಗದಿದ್ದರೆ ವೈದ್ಯರಿಗೆ ತೋರಿಸಿರಿ. ದೊಡ್ಡವನಾದ ಮೇಲೆ ತಾನಾಗಿ ಇಳಿಯುತ್ತದೆಂದು ಕಾಯಬಾರದು; ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಾಗುವುದು ಒಳ್ಳೆಯದು. ಇದು ನಾಚಿಕೊಳ್ಳುವ ವಿಷಯವಲ್ಲ.

ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಡುವಾಗ ನಾವೆಲ್ಲರೂ ಡಾಂಬರ ಗುಳಿಗೆಗಳನ್ನು ಹಾಕುತ್ತೇವಷ್ಟೆ. ಕೂಸಿನ ಬಟ್ಟೆಯಲ್ಲಿ ಮಾತ್ರ ಅದು ಬೇಡ. ಕೆಲವು ಮಕ್ಕಳ ರಕ್ತದಲ್ಲಿ ಕೆಂಪುಕಣಗಳನ್ನು ಕಾಪಾಡುವ ಜಿ-6-ಪಿ-ಡಿ ಎಂಬ ಕಿಣ್ವವು ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಈ ಕೊರತೆ ಗಂಡುಮಕ್ಕಳಲ್ಲಿಯೇ ಹೆಚ್ಚು. ಅಂಥ ಕೂಸಿಗೆ ಡಾಂಬರ ಗುಳಿಗೆಯ ವಾಸನೆ ಸೇರಿದ ಬಟ್ಟೆಯನ್ನು ತೊಡಿಸಿದರೆ ಕೆಂಪುಕಣಗಳು ಒಡೆದು, ಕಣ್ಣು ಹಳದಿಯಾಗಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ತರಬೇಕು. ಹಿರಿಯ ಮಗನ ಅಂಗಿಗಳನ್ನು ಹುಟ್ಟಲಿರುವ ಕೂಸಿಗಾಗಿ ಕಾದಿಡುವವರು ಬೇವಿನ ಒಣ ಎಲೆಗಳನ್ನು ಹಾಕಿಡಿರಿ.

ಬೆಂಕಿಯ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯೂ ಬೇಗನೆ ಹೊತ್ತಿಕೊಳ್ಳುವ ಬಟ್ಟೆಯೇ. ಒಲೆಯ ಬಳಿಯಲ್ಲಾಗಲಿ ದೀಪಾವಳಿಯ ಪಟಾಕಿಯ ಬಳಿಯಲ್ಲಾಗಲಿ ಜೋಲಾಡುವ ಅಂಗಿಯಲ್ಲಿ ಮಗುವನ್ನು ಬಿಡಬೇಡಿ. ಸುಟ್ಟರೆ ಇಪ್ಪತ್ತು ನಿಮಿಷಗಳವರೆಗೆ ತಣ್ಣೀರನ್ನು ಹರಿಯಬಿಡಿ. ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಮಸಿ, ಹಲ್ಲುಜ್ಜುವ ಪೇಸ್ಟು ಮೊದಲಾದವನ್ನು ಬಳಿಯಬೇಡಿ.

ಈಗ ನಾನು ಹೇಳಬೇಕೆಂದು ಬಂದ ವಿಷಯ. ಬೆಳೆಯುವ ಮಗುವಿನ ಅಂಗಿಯ ಕೆಳ ಅಂಚಿನಲ್ಲಿಯೂ ತೋಳಿನ ತುದಿಯಲ್ಲಿಯೂ ಎರಡು ಬೆರಳಿನಷ್ಟು ಬಟ್ಟೆಯನ್ನು ಒಳಮಡಿಕೆಯಾಗಿ ಬಿಡಬೇಕೆಂದು ಶಿಕ್ಷಕಿಯವರು ನಿಮಗೆ ಕಲಿಸಿದ್ದಾರೆ. ಜಾಣತನದ ಪಾಠವದು. ಮಗು ಬೆಳೆದಂತೆ ಮಡಿಕೆಯನ್ನು ಬಿಚ್ಚಿದರೆ ಅದೇ ಅಂಗಿ ಇನ್ನೊಂದು ವರ್ಷ ಬರುತ್ತದೆ. ಆದರೆ ಆ ಮಡಿಕೆಯನ್ನು ಬಿಚ್ಚುವ ಪ್ರಸಂಗವೇ ಬಾರದಿದ್ದರೆ?

ಕೆಲವು ವರ್ಷಗಳ ಹಿಂದೆ, ದೀಪಾವಳಿಗೆ ಇನ್ನು ಎಂಟು ದಿನಗಳಿದ್ದಾಗ, ಎರಡೂವರೆ ವರ್ಷದ ಗಂಡುಮಗುವನ್ನು ಅವನ ತಾಯಿ ಕೆಮ್ಮಿಗೆಂದು ನನ್ನ ಬಳಿಗೆ ಕರೆತಂದಳು. ಬೀಡಿ ಕಟ್ಟುವ ಹೆಣ್ಣುಮಗಳು. ಹುಡುಗನ ಮೈಮೇಲೆ ಹಸಿರು ಬಣ್ಣದ, ಬಿಳಿಯ ಕಾಲರಿನ ಅಂಗಿ ಇತ್ತು. ಕೈಹೊಲಿಗೆ ಅಷ್ಟು ನೀಟಾಗಿದ್ದುದನ್ನು ನೋಡಿ, ಯಾರು ಹೊಲಿದದ್ದೆಂದು ಕೇಳಿದೆ. ಆಕೆಯ ಮುಖ ಅರಳಿತು.

“ಹ್ವಾದ ದೀಪಾವಳಿಗೆ ನಾನ ಹೊಲದೇನ್ರಿ ಸಾಹೇಬ್ರ. ಇನ್ನೂ ಹೊಸಾದಂಗ ಐತ್ರಿ. ಮಡಿಕಿ ಸುದ್ದಾ ಬಿಚ್ಚಿಲ್ಲ, ನೋಡ್ರಿ,” ಎಂದು ಅಂಗಿಯ ಅಂಚನ್ನು ತಿರುವಿ ತೋರಿಸಿದಳು.

ನಾನು ಆ ಮಡಿಕೆಯನ್ನು ನೋಡಿದೆ. ಅನಂತರ ಅಂಗಿಯನ್ನು ಬಿಚ್ಚಿಸಿದೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಕುಂಡೆಯ ಚರ್ಮ ಸಡಿಲವಾಗಿ ನೆರಿಗೆಗಟ್ಟಿತ್ತು. ನಾನು ಮುಚ್ಚಿಡದೆ ಹೇಳಬೇಕಾದ ಮಾತೊಂದಿದೆ. ಇದೇ ಹುಡುಗನನ್ನು ಅದಕ್ಕೆ ಮೊದಲು ಎರಡು ಸಲ ನಾನೇ ನೋಡಿದ್ದೆ. ಹೊರಗೆ ಸಾಲು ಉದ್ದವಿತ್ತೆಂದು ಸ್ಟೆತೋಸ್ಕೋಪನ್ನು ಅಂಗಿಯ ಕೆಳಗಿನಿಂದ ತೂರಿಸಿ ಎದೆಯನ್ನು ಆಲಿಸಿ, ಔಷಧ ಬರೆದು ಕಳುಹಿಸಿದ್ದೆ. ಸಡಿಲವಾದ ಅಂಗಿಯೇ ಮಗುವಿಗೆ ಹಿತವೆಂದು ಸಭೆಗಳಲ್ಲಿ ಹೇಳುವ ನಾನು, ಸಡಿಲವಾದ ಅಂಗಿಯು ಮಗುವಿನ ಸೊರಗನ್ನು ಮುಚ್ಚಿಯೂ ಬಿಡುತ್ತದೆಂಬುದನ್ನು ಮರೆತಿದ್ದೆ.

ಮಗು ಎಷ್ಟು ಬೆಳೆಯಬೇಕು? ಹುಟ್ಟಿದಾಗ ಸುಮಾರು 50 ಸೆಂಟಿಮೀಟರು ಉದ್ದವಿರುವ ಕೂಸು ಮೊದಲ ವರ್ಷದಲ್ಲಿ 25 ಸೆಂಟಿಮೀಟರು ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ 12, ಮೂರನೆಯ ವರ್ಷದಲ್ಲಿ 8 ಅಥವಾ 9, ಆಮೇಲೆ ಐದರವರೆಗೆ ವರ್ಷಕ್ಕೆ 7ರಷ್ಟು. ವರ್ಷ ತುಂಬಿದ ಬಳಿಕ ಕಾಲುಗಳು ಬೇಗ ಬೆಳೆಯುವುದರಿಂದ ಮೊದಲು ಗಿಡ್ಡವಾಗುವುದು ಪಾಯಜಾಮೆ, ಆಮೇಲೆ ತೋಳು, ಕೊನೆಗೆ ಅಂಗಿಯ ಉದ್ದ. ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಇವು ಯಾವುವೂ ಗಿಡ್ಡವಾಗಲಿಲ್ಲವೆಂದರೆ ಅದು ಬಟ್ಟೆಯ ಬಾಳಿಕೆಯಲ್ಲ; ಮಗುವಿನ ಬೆಳವಣಿಗೆ ನಿಂತಿದೆಯೇ ಎಂದು ವಿಚಾರಿಸಬೇಕು. ಕೆಲವು ಮಕ್ಕಳು ತಂದೆತಾಯಿಯರಂತೆ ಗಿಡ್ಡರಾಗಿದ್ದು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅವರು ಕೂಡ ತಮ್ಮ ಪ್ರಮಾಣದಲ್ಲಿ ಬೆಳೆಯುತ್ತಲೇ ಇರುತ್ತಾರೆ. ಅವರ ಮಡಿಕೆ ತಡವಾಗಿ ಬಿಚ್ಚೀತು, ಬಿಚ್ಚದೆ ಇರದು.

ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಕಾಗಿಲ್ಲ. ನಿಮ್ಮ ಹೊಲಿಗೆಯ ಪೆಟ್ಟಿಗೆಯಲ್ಲಿರುವ ಅಳತೆಯ ಟೇಪು ಸಾಕು. ನೈಜೀರಿಯಾ ದೇಶದಲ್ಲಿ 1967ರಿಂದ 1970ರವರೆಗೆ ಅಂತರ್ಯುದ್ಧ ನಡೆದಾಗ ಹಸಿದ ಮಕ್ಕಳಲ್ಲಿ ಯಾರಿಗೆ ಮೊದಲು ಆಹಾರ ಕೊಡಬೇಕೆಂದು ಗುರುತಿಸಲು ಸ್ವಯಂಸೇವಕರು ಮಕ್ಕಳ ತೋಳಿನ ಸುತ್ತಳತೆಯನ್ನು ತೆಗೆದರು. 1974ರಲ್ಲಿ ಶಾಕಿರ್ ಮತ್ತು ಮಾರ್ಲೆ ಎಂಬ ವೈದ್ಯರು ಇದಕ್ಕಾಗಿ ಮೂರು ಬಣ್ಣದ ಪಟ್ಟಿಯೊಂದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಅಂಗನವಾಡಿಯಲ್ಲಿ ನೀವು ಕಾಣುವ ಬಣ್ಣದ ತೋಳಪಟ್ಟಿಯು ಅದರ ಸಂತತಿಯೇ. ಒಂದು ವರ್ಷದಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲವಾದುದರಿಂದ ಮಗುವಿನ ವಯಸ್ಸು ಸರಿಯಾಗಿ ಗೊತ್ತಿಲ್ಲದಿದ್ದರೂ ಈ ಅಳತೆ ನಡೆಯುತ್ತದೆ.

ಅಳೆಯುವ ರೀತಿ ಹೀಗೆ. ಅಂಗಿಯನ್ನು ಪೂರ್ಣವಾಗಿ ಬಿಚ್ಚಿರಿ. ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಹೆಗಲಿನ ಎಲುಬಿನ ತುದಿಗೂ ಮೊಣಕೈಯ ತುದಿಗೂ ಸರಿಯಾಗಿ ನಡುವೆ ಕಾಡಿಗೆಯಿಂದ ಒಂದು ಗುರುತು ಮಾಡಿರಿ. ಅನಂತರ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಆ ಗುರುತಿನ ಮೇಲೆ ಟೇಪನ್ನು ಸುತ್ತಿರಿ. ಚರ್ಮ ಒತ್ತಿ ಒಳಗೆ ಹೋಗಬಾರದು, ನಡುವೆ ಸಂದೂ ಇರಬಾರದು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿಗೆ ಅಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮಗು ಸೊರಗಿದೆಯೆಂದು ಅರ್ಥ. 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಅದು ಅಂದೇ ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಟೇಪಿನ ಇಂಚಿನ ಬದಿಯನ್ನು ಓದುವವರಿಗೆ ಹೇಳುವುದಾದರೆ, ಮೊದಲನೆಯದು ಐದು ಇಂಚಿಗೆ ಎಳೆಯಷ್ಟು ಕಡಿಮೆ, ಎರಡನೆಯದು ಹೆಚ್ಚುಕಡಿಮೆ ನಾಲ್ಕೂವರೆ ಇಂಚು. ಬಟ್ಟೆಯ ಹಳೆಯ ಟೇಪುಗಳು ಎಳೆದೆಳೆದು ಉದ್ದವಾಗಿರುತ್ತವೆ. ಶಾಲೆಯ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡಿಕೊಳ್ಳಿರಿ. ಅಂತೆಯೇ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಕುಳಿ ಬಿದ್ದು ಹಾಗೆಯೇ ಉಳಿದರೆ ಅದು ಬಾವು; ತೋಳಿನ ಅಳತೆ ಎಷ್ಟೇ ಇದ್ದರೂ ಆ ಮಗುವನ್ನು ಕೂಡಲೇ ಕರೆತರಬೇಕು.

ಆ ಹುಡುಗನ ತೋಳು 11.2 ಸೆಂಟಿಮೀಟರು ಇತ್ತು. ತಾಯಿ ನಂಬಲಿಲ್ಲ. “ಸಣ್ಣ ಹಾಡರಿ ಅವಂದು,” ಎಂದಳು. ಹಾಡು, ಅಂದರೆ ಎಲುಬು, ಚಿಕ್ಕದಿರಬಹುದೆಂದು ನಾನೂ ಒಪ್ಪಿ, ಮಡಿಕೆಯನ್ನು ತೋರಿಸಿ, ಒಂದು ವರ್ಷದಲ್ಲಿ ಇದು ಎಷ್ಟು ಬಿಚ್ಚಬೇಕಾಗಿತ್ತೆಂದು ಆಕೆಯ ಬೆರಳಿನಿಂದಲೇ ಅಳೆದು ತೋರಿಸಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಅಂಕಿಗಳಿಂದ ಆಗದ ಕೆಲಸ ಆಕೆ ತಾನೇ ಹಾಕಿದ ಟಾಕಿಗಳಿಂದ ಆಯಿತು. ವಿಚಾರಿಸಿದಾಗ ತಿಳಿದುದಿಷ್ಟು. ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿ ಮುಗಿಸುವ ಅವಸರದಲ್ಲಿ ಆಕೆ ಹಗಲೆಲ್ಲ ಏಳುವಂತಿರಲಿಲ್ಲ. ಏಳು ವರ್ಷದ ಅಕ್ಕ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ತಿಳಿದ ಊಟವೆಂದರೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಮಳೆಗಾಲದಲ್ಲಿ ಮೂರು ಸಲ ಭೇದಿಯೂ ಆಗಿತ್ತು.

ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿದೆವು. ಅಲ್ಲಿ ತಾಯಿಯೂ ಜೊತೆಗಿರಬೇಕಾಗುತ್ತದೆ. ಆಕೆಯ ದಿನಗೂಲಿಯ ನಷ್ಟಕ್ಕೆ ಸ್ವಲ್ಪ ಹಣ ಕೊಡುವ ವ್ಯವಸ್ಥೆಯೂ ಇದೆ. ಆದರೂ ದೀಪಾವಳಿಯ ಹೊತ್ತಿಗೆ ಮನೆ ಬಿಟ್ಟು ಹೋಗಲು ಆಕೆಯ ಅತ್ತೆ ಒಪ್ಪಲಿಲ್ಲ. ಆಶಾ ಕಾರ್ಯಕರ್ತೆಯು ಮೂರು ಸಲ ಮನೆಗೆ ಹೋಗಿ ಬಂದ ಮೇಲೆಯೇ ಕೆಲಸವಾದುದು. ಹದಿನಾರು ದಿನ ಅಲ್ಲಿದ್ದು ಬಂದ ಬಳಿಕ ಮನೆಯಲ್ಲಿ ಆಕೆ ಮಾಡಿದ್ದು ದುಬಾರಿ ಅಡುಗೆಯೇನಲ್ಲ: ಹಾಲಿನಲ್ಲಿ ನೆನೆಸಿ ಕಿವುಚಿದ ಜೋಳದ ರೊಟ್ಟಿ, ಒಂದು ಚಮಚ ಎಣ್ಣೆ ಬೆರೆಸಿದ ಹೆಸರುಬೇಳೆ ಅನ್ನ, ಹುರಿದ ಶೇಂಗಾ ಪುಡಿ, ಅಂಗನವಾಡಿಯ ಮೊಟ್ಟೆ. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವಾಗಿ. ಚಹಾವನ್ನು ನಿಲ್ಲಿಸಿದಳು. ಯುಗಾದಿಯ ಹೊತ್ತಿಗೆ ತೋಳು 13 ಸೆಂಟಿಮೀಟರು ದಾಟಿತ್ತು. ತೂಕ ಬೇಗ ಬರುತ್ತದೆ, ಎತ್ತರ ನಿಧಾನವಾಗಿ ಬರುತ್ತದೆ. ಅಂಗಿಯ ಮಡಿಕೆ ಬಿಚ್ಚಿದ್ದು ಮುಂದಿನ ಮಳೆಗಾಲದಲ್ಲಿ. ಹಸಿರು ಬಟ್ಟೆಯಲ್ಲಿ ಬಿಸಿಲು ಕಾಣದ ಆ ಎರಡು ಬೆರಳಿನ ಪಟ್ಟಿ ಮಾತ್ರ ಗಾಢವಾಗಿ ಉಳಿದಿತ್ತು.

ಆ ಅಕ್ಕನ ವಿಷಯವನ್ನು ಹೇಳದೆ ಹೋದರೆ ತಪ್ಪಾದೀತು. ತಮ್ಮನಿಗೆ ಪ್ರತಿ ಹಬ್ಬಕ್ಕೂ ಹೊಸ ಅಂಗಿ ಇತ್ತು. ಅವಳ ಫ್ರಾಕು ಯಾರೋ ಕೊಟ್ಟದ್ದು, ಬೆನ್ನಿಗೆ ಪಿನ್ನು ಹಾಕಿದ್ದು. ಅವಳ ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅವಳನ್ನು ಯಾರೂ ಆಸ್ಪತ್ರೆಗೆ ತಂದಿರಲಿಲ್ಲ. ತಮ್ಮನನ್ನು ಎತ್ತಿಕೊಳ್ಳಲು ಬಂದಿದ್ದಳು. ಅವಳಿಗೂ ಕಬ್ಬಿಣಾಂಶದ ಔಷಧ ಕೊಟ್ಟು, ಅದೇ ಟೇಪಿನಿಂದ ಎತ್ತರವನ್ನು ಅಳೆದು ಬರೆದುಕೊಂಡೆವು. ಮಗನ ಅಳತೆಗೆಂದು ಟೇಪು ತೆಗೆದಾಗ ಮಗಳನ್ನೂ ನಿಲ್ಲಿಸಿ ಅಳೆಯಿರಿ.

ಬೀಡಿ ಕಟ್ಟಿ ಬೆನ್ನು ಸೋತ ಮೇಲೆ ಹೊಲಿಗೆಗೆ ಎಲ್ಲಿಯ ವೇಳೆ ಎಂದು ನಿಮ್ಮಲ್ಲೊಬ್ಬರು ಬಾಗಿಲಲ್ಲಿಯೇ ನನ್ನನ್ನು ಕೇಳಿದರು. ಅವರ ಮಾತು ನಿಜ. ಕತ್ತು ಬಗ್ಗಿಸಿ ಮಾಡುವ ಒಂದು ಕೆಲಸದ ಮೇಲೆ ಅಂಥದೇ ಇನ್ನೊಂದು ಕೆಲಸವನ್ನು ಹೇರಲು ನಾನು ಬಂದಿಲ್ಲ. ಸಂತೆಯಲ್ಲಿ ಕೊಂಡ ಅಂಗಿಯಾದರೂ ಮಗು ಬೆಳೆಯುತ್ತದೆ. ಅದರ ತೋಳನ್ನು ಒಳಗೆ ಮಡಿಚಿ ನಾಲ್ಕು ಟಾಕಿ ಹಾಕಿ, ಹಾಕಿದ ತಿಂಗಳನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡಿರಿ. ಬಿಚ್ಚಿದ ತಿಂಗಳನ್ನೂ ಬರೆಯಿರಿ. ಆರು ತಿಂಗಳಾದರೂ ತೋಳು ಒಂದಿಷ್ಟೂ ಗಿಡ್ಡವೆನಿಸದಿದ್ದರೆ ಅಂಗಿಯನ್ನೂ ಮಗುವನ್ನೂ ಕಾರ್ಡನ್ನೂ ಕೂಡಿಯೇ ತನ್ನಿರಿ.

ಈಗ ಶಿಕ್ಷಕಿಯವರು ಝಬಲಾ ಕತ್ತರಿಸುವುದನ್ನು ತೋರಿಸಲಿದ್ದಾರೆ. ಅದಕ್ಕೆ ಮೊದಲು, ಮಕ್ಕಳನ್ನು ಕರೆತಂದಿರುವವರು ಹೊರಗಿನ ಪಡಸಾಲೆಗೆ ಬನ್ನಿರಿ. ನಮ್ಮ ಆರೋಗ್ಯ ಸಹಾಯಕಿಯವರು ತೂಕದ ಯಂತ್ರವನ್ನು ತಂದಿದ್ದಾರೆ. ಟೇಪನ್ನು ನೀವೇ ಹಿಡಿಯಿರಿ. ಎಲ್ಲಿ ಸುತ್ತಬೇಕೆಂಬುದನ್ನು ನಾನು ಪಕ್ಕದಲ್ಲಿ ನಿಂತು ತೋರಿಸುತ್ತೇನೆ. ಮಕ್ಕಳ ಅಂಗಿಗಳನ್ನು ಮಾತ್ರ ಮೊದಲೇ ಬಿಚ್ಚಿಟ್ಟುಕೊಳ್ಳಿರಿ.